ಚರ್ಚಿನ ಮೆಟ್ಟಿಲ ಕೆಳಗೆ ಒಂದು ಕನ್ನಡ ಪುಸ್ತಕದ ಅಂಗಡಿ

ನಾನು ಗದಗ-ಬೆಟಗೇರಿಯವನು. ಎಂ.ಟೆಕ್ ಮುಗಿಸಿ ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಹಿಂಜವಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ಮನೆ. ನಮ್ಮೂರ ಕಡೆಯಿಂದ ಪುಣೆಗೆ ಬಂದವರು ಅಂದ್ರೆ ಎಲ್ಲರಿಗೂ ಭೀಮಸೇನ ಜೋಶಿ ನೆನಪಾಗ್ತಾರೆ. ಅವರು ಹಾಡೋಕೆ ಬಂದರು, ನಾನು ಕೋಡ್ ಬರೆಯೋಕೆ ಬಂದೆ, ಅಷ್ಟೇ ವ್ಯತ್ಯಾಸ.

ಈ ಚಾನೆಲ್‌ನಲ್ಲಿ ಸಾಮಾನ್ಯವಾಗಿ ಕೆರಿಯರ್, ಕ್ಲೌಡ್, ಇಂಟರ್‌ವ್ಯೂ ಇಂಥ ವಿಷಯ ಇರುತ್ತೆ. ನಾನು ಇವತ್ತು ಮಾತಾಡೋದು ಒಂದು ಪುಸ್ತಕದ ಅಂಗಡಿ ಬಗ್ಗೆ. ಐದಡಿ ಅಗಲ, ವಾರಕ್ಕೆ ಒಂದೇ ದಿನ, ಎರಡು ಗಂಟೆ ತೆರೆದಿರುತ್ತೆ. ಇರೋದು ಒಂದು ಚರ್ಚಿನ ಒಳಗೆ. ಲಾಭ ಇಲ್ಲ, ಅದನ್ನ ಈಗಲೇ ಹೇಳಿಬಿಡ್ತೀನಿ. ಆದರೆ ಅದನ್ನ ಶುರು ಮಾಡುವಾಗ ನಾನು ಮಾಡಿದ ತಪ್ಪುಗಳು ನಿಮಗೂ ಉಪಯೋಗಕ್ಕೆ ಬರಬಹುದು ಅಂತ ಬಂದೆ.

ಒಂದು ಮಣ್ಣಿನ ದಿನ

ಬೆಟಗೇರಿಯಲ್ಲಿ ಬಾಸೆಲ್ ಮಿಷನ್ ಕಾಲದಿಂದಲೂ ನಮ್ಮ ಮನೆತನ ಚರ್ಚಿಗೆ ಹೋಗುತ್ತಾ ಬಂದಿದೆ. ಪುಣೆಗೆ ಬಂದ ಮೇಲೆ ನಾನು ಇಲ್ಲಿನ ಒಂದು ಕನ್ನಡ ಸಭೆ ಸೇರಿದೆ. ನಮಗೆ ಸ್ವಂತ ಕಟ್ಟಡ ಇಲ್ಲ. ಹಳೇ ಕಲ್ಲಿನ ಚರ್ಚು, ಬೆಳಿಗ್ಗೆ ಇಂಗ್ಲಿಷ್ ಆರಾಧನೆ, ಆಮೇಲೆ ಮರಾಠಿ, ಮಧ್ಯಾಹ್ನದ ಮೇಲೆ ನಮ್ಮದು. ತುಂಬಿದ ಭಾನುವಾರ ನೂರೈವತ್ತು ಜನ ಇರ್ತೀವಿ. ಖಡಕಿಯ ಕಾರ್ಖಾನೆಗಳಲ್ಲಿ ದುಡಿದು ರಿಟೈರ್ ಆದವರು, ಬೀದರ್, ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ನರ್ಸುಗಳು, ಮತ್ತೆ ನಮ್ಮಂಥ ಲ್ಯಾಪ್‌ಟಾಪ್ ಜನ.

2022ರ ಆಗಸ್ಟ್‌ನಲ್ಲಿ ನಮ್ಮ ಸಭೆಯ ಒಬ್ಬ ಅಜ್ಜ ತೀರಿಕೊಂಡರು. ಮಣ್ಣಿನ ದಿನ 23ನೇ ಕೀರ್ತನೆಯನ್ನ ಮೊಮ್ಮಗ ಓದಲಿ ಅಂತ ಅಜ್ಜಿ ಆಸೆಪಟ್ಟರು. ಹುಡುಗನಿಗೆ ಆಗ ಹದಿನೇಳು. ಪುಣೆಯಲ್ಲೇ ಹುಟ್ಟಿ ಬೆಳೆದವನು, ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡ್ತಾನೆ. ಅಜ್ಜನ ಸತ್ಯವೇದವನ್ನ ಕೈಗೆ ಕೊಟ್ಟರು. ಅವನು ಅದನ್ನ ತೆರೆದು ನೋಡಿದ, ಪಕ್ಕದವರಿಗೆ ವಾಪಸ್ ಕೊಟ್ಟ, ಜೇಬಿನಿಂದ ಫೋನ್ ತೆಗೆದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನ ಓದೋಕೆ ಶುರು ಮಾಡಿದ. ಅದರಲ್ಲಿ ಹ್ರಸ್ವ ಯಾವುದು, ದೀರ್ಘ ಯಾವುದು ಅಂತ ಗೊತ್ತಾಗೋದಿಲ್ಲ. ಎರಡನೇ ಸಾಲಿಗೆ ತಡವರಿಸಿ ನಿಂತ. ಆಮೇಲೆ ನಮ್ಮ ಅಯ್ಯನವರೇ ಮುಂದಿನದನ್ನ ಓದಿದರು.

ಸಂಜೆ ಮನೆಯಲ್ಲಿ ಅಜ್ಜಿ ಆ ಸತ್ಯವೇದವನ್ನ ಮೊಮ್ಮಗನಿಗೆ ಕೊಡೋಕೆ ಹೋದರು. ಅವನು ಒರಟಾಗಿ ಹೇಳಲಿಲ್ಲ, ಮೆತ್ತಗೇ ಹೇಳಿದ, "ಅಜ್ಜಿ, ನಂಗ ಓದಾಕ ಬರಂಗಿಲ್ಲಲ್ಲ, ನಾ ತಗೊಂಡು ಏನ್ ಮಾಡ್ಲಿ?" ಅಂತ. ಅಜ್ಜಿ ಅದನ್ನ ಸೆರಗಿನಲ್ಲಿ ಒರೆಸಿ ಕಪಾಟಿನಲ್ಲಿ ಇಟ್ಟರು.

ಆವತ್ತು ನನ್ನ ಮಗಳಿಗೆ ನಾಲ್ಕು ವರ್ಷ. ರಾತ್ರಿ ಮನೆಗೆ ಬಂದು ನೋಡಿದರೆ ಅವಳ ಶೆಲ್ಫಿನಲ್ಲಿ ಅರವತ್ತು ಪುಸ್ತಕ ಇತ್ತು, ಒಂದೂ ಕನ್ನಡದ್ದಲ್ಲ.

ಇಂಜಿನಿಯರ್ ಹಾಕಿದ ಪ್ಲಾನು

ಪುಣೆಯಲ್ಲಿ ಪುಸ್ತಕಕ್ಕೇನು ಬರ? ಅಪ್ಪಾ ಬಳವಂತ ಚೌಕಕ್ಕೆ ಹೋದರೆ ಬೀದಿ ತುಂಬ ಪುಸ್ತಕದ ಅಂಗಡಿ. ಆದರೆ ಕನ್ನಡ ಪುಸ್ತಕ ಕೇಳಿದರೆ ತಲೆ ಅಲ್ಲಾಡಿಸ್ತಾರೆ. ನಮ್ಮ ಸಭೆಯಲ್ಲಿ ಯಾರಿಗಾದರೂ ಹಾಡಿನ ಪುಸ್ತಕ ಬೇಕು ಅಂದ್ರೆ ಹುಬ್ಬಳ್ಳಿಗೆ ಹೋಗುವವರ ಕೈಲಿ ಹೇಳಿ ತರಿಸಬೇಕಿತ್ತು. ಒಬ್ಬರು ಆನ್‌ಲೈನ್‌ನಲ್ಲಿ ಕನ್ನಡ ಬೈಬಲ್ ಆರ್ಡರ್ ಮಾಡಿದರೆ ಮರಾಠಿಯದು ಬಂದಿತ್ತು.

ನಾವು ಐದು ಜನ ಸ್ನೇಹಿತರು ತಲಾ ಎಂಟು ಸಾವಿರ ಹಾಕಿ ನಲವತ್ತು ಸಾವಿರ ಕೂಡಿಸಿದೆವು. ಚರ್ಚಿನಲ್ಲಿ ಮಾಳಿಗೆಗೆ ಹತ್ತುವ ಮೆಟ್ಟಿಲ ಕೆಳಗೆ ಒಂದು ಮೂಲೆ ಇತ್ತು. ಪೊರಕೆ, ಮುರಿದ ಕುರ್ಚಿ, ಕ್ರಿಸ್ಮಸ್ ನಕ್ಷತ್ರ ಇಡುವ ಜಾಗ. ಅದನ್ನ ಕೇಳಿಕೊಂಡು, ಸುಣ್ಣ ಬಳಿಸಿ, ಒಂಬತ್ತೂವರೆ ಸಾವಿರಕ್ಕೆ ಹಳೇ ಸ್ಟೀಲ್ ಅಲ್ಮೇರಾ ತಂದು ಇಟ್ಟೆವು. ಉಳಿದ ದುಡ್ಡಿಗೆ ಪುಸ್ತಕ. ಒಟ್ಟು 212 ಪ್ರತಿ, ಬಸ್ ಪಾರ್ಸೆಲ್‌ನಲ್ಲಿ ಬಂದವು.

ನಾನು ಏನು ಮಾಡಿದೆ ಅಂದ್ರೆ, ಅಂಗಡಿ ತೆರೆಯೋಕೆ ಮುಂಚೆನೇ ಅದಕ್ಕೊಂದು ಆ್ಯಪ್ ಬರೆದೆ. ಪ್ರತಿ ಪುಸ್ತಕಕ್ಕೆ ಕ್ಯೂಆರ್ ಕೋಡ್, ಸ್ಟಾಕ್ ಡ್ಯಾಶ್‌ಬೋರ್ಡ್, ಎಲ್ಲಾ. ಎರಡು ತಿಂಗಳ ಶನಿವಾರ ಅದಕ್ಕೇ ಹೋಯಿತು. ಯಾವ ಪುಸ್ತಕ ತರಬೇಕು ಅನ್ನೋದನ್ನ ಮಾತ್ರ ಒಂದೇ ಸಂಜೆ ಕೂತು ತೀರ್ಮಾನ ಮಾಡಿದ್ವಿ, ಅದೂ ನಾವು ಐದು ಜನ ನಮಗೆ ಇಷ್ಟವಾದದ್ದನ್ನೇ ಬರೆದು. ಸತ್ಯವೇದ, ಹಾಡಿನ ಪುಸ್ತಕದ ಜೊತೆಗೆ ಕುವೆಂಪು, ಕಾರಂತ, ತೇಜಸ್ವಿ, ವೈದೇಹಿ, ದೇವನೂರು.

2023ರ ಜನವರಿಯಲ್ಲಿ ತೆರೆದೆವು. ಮೂರು ತಿಂಗಳಲ್ಲಿ ಮಾರಾಟ ಆದದ್ದು 31 ಪುಸ್ತಕ. ಅದರಲ್ಲಿ ಸತ್ಯವೇದ 14, ಹಾಡಿನ ಪುಸ್ತಕ 11. ಉಳಿದ ಆರರಲ್ಲಿ ನಾಲ್ಕನ್ನ ಕೊಂಡವರು ನಾವೇ. ಆ್ಯಪನ್ನ ಬಳಸಿದವರು ನಾನೊಬ್ಬನೇ.

ಕಮಿಟಿ ಮೀಟಿಂಗು

ಏಪ್ರಿಲ್‌ನಲ್ಲಿ ಕಮಿಟಿಯಲ್ಲಿ ವಿಷಯ ಬಂತು. ಒಬ್ಬ ಹಿರಿಯರು, ನಾನು ಅವರನ್ನ ಮಾಮಾ ಅಂತೀನಿ, ಧಾರವಾಡದ ಕಡೆಯವರು. ಅವರು ನೇರವಾಗಿ ಕೇಳಿದರು, "ಅಲ್ಲೋ ತಮ್ಮಾ, ಇದು ದೇವರ ಮನಿ. ಸತ್ಯವೇದ ಇಡು, ಹಾಡಿನ ಪುಸ್ತಕ ಇಡು, ಯಾರ್ ಬ್ಯಾಡ ಅಂತಾರ? ಈ ಕಥಿ ಕಾದಂಬರಿ ಯಾಕ? ಅವು ಬೇಕಾದವ್ರು ಬಜಾರಕ್ಕ ಹೋಗ್ಲಿ."

ನಾನು ತಯಾರಾಗಿಯೇ ಹೋಗಿದ್ದೆ. ನಮ್ಮ ಬಾಸೆಲ್ ಮಿಷನ್ ಕಥೆಯನ್ನೇ ಹೇಳಿದೆ. 1834ರಲ್ಲಿ ಮಂಗಳೂರಿಗೆ ಬಂದವರು 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣ ಶುರು ಮಾಡಿದರು. 1843ರ ಜುಲೈ 1ಕ್ಕೆ ಹರ್ಮನ್ ಮೊಗ್ಲಿಂಗ್ ಮಂಗಳೂರ ಸಮಾಚಾರ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ, ಇವತ್ತಿಗೂ ಆ ದಿನವನ್ನ ಪತ್ರಿಕಾ ದಿನ ಅಂತ ಆಚರಿಸ್ತೀವಿ. ಆ ಮೊಗ್ಲಿಂಗ್ ಬರೀ ಧರ್ಮದ ಪುಸ್ತಕ ಅಚ್ಚು ಹಾಕಲಿಲ್ಲ. ಬಿಬ್ಲಿಯೋಥೆಕಾ ಕರ್ನಾಟಿಕಾ ಅನ್ನೋ ಮಾಲೆಯಲ್ಲಿ ಬಸವಪುರಾಣ ಹಾಕಿದರು, ಜೈಮಿನಿ ಭಾರತ ಹಾಕಿದರು, ದಾಸರ ಪದಗಳನ್ನ ಕೂಡಿಸಿ 1850ರಲ್ಲಿ ಹೊರತಂದರು. ಎಲ್ಲಕ್ಕಿಂತ ಮುಖ್ಯವಾಗಿ ಕಿಟ್ಟೆಲ್. ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70 ಸಾವಿರ ಪದ. 1894ರಲ್ಲಿ ಅದನ್ನ ಪ್ರಕಟಿಸಿದ್ದು ಯಾರು ಅಂತ ಮೊದಲ ಪುಟ ನೋಡಿ, ಮಂಗಳೂರಿನ ಬಾಸೆಲ್ ಮಿಷನ್ ಬುಕ್ ಅಂಡ್ ಟ್ರ್ಯಾಕ್ಟ್ ಡಿಪಾಸಿಟರಿ. ಅಂದ್ರೆ ಮಿಷನ್ನಿನ ಪುಸ್ತಕದ ಅಂಗಡಿ! ಕನ್ನಡಿಗರೆಲ್ಲ ನೆನೆಸಿಕೊಳ್ಳುವ ಪುಸ್ತಕ ಅಲ್ಲಿಂದ ಬಂತು, ಅದು ಧರ್ಮಗ್ರಂಥ ಅಲ್ಲ, ನಿಘಂಟು.

ನಾನು ಗೆದ್ದೆ ಅಂದುಕೊಂಡೆ. ಮಾಮಾ ಸಾವಕಾಶ ಕನ್ನಡಕ ತೆಗೆದು ಹೇಳಿದರು, "ಕಿಟ್ಟೆಲ್ ಸಾಹೇಬ್ರು ದೊಡ್ಡವ್ರು, ಖರೆ. ಆದ್ರ ಅವರ ಹಿಂದ ಬಾಸೆಲ್ ಮಿಷನ್ ಇತ್ತು. ನಿನ್ನ ಹಿಂದ ಯಾರದಾರ? ನಾಳೆ ನಿನ್ನ ಕಾದಂಬರಿ ಮಳಿಗೆ ತೊಯ್ದ್ರ ಆ ಲುಕ್ಸಾನ ಕಾಣಿಕಿ ರೊಕ್ಕದಾಗ ಬರೀತಿಯೇನು? ಆ ಕಾಣಿಕಿ ಯಾರ್ ಹಾಕ್ಯಾರ ಗೊತ್ತೈತಿ? ಇಟ್ಟಂಗಿ ಹೊತ್ತು ಬಂದವ್ರು ಹಾಕ್ಯಾರ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕೇಳಿದ್ದು ಸಾಹಿತ್ಯದ ಪ್ರಶ್ನೆ ಆಗಿರಲೇ ಇಲ್ಲ, ಲೆಕ್ಕದ ಪ್ರಶ್ನೆ. ಅವತ್ತು ಮೂರು ವಿಷಯ ತೀರ್ಮಾನ ಆಯಿತು. ಒಂದು, ಅಂಗಡಿಯ ಲೆಕ್ಕ ಬೇರೆ, ರಸೀದಿ ಪುಸ್ತಕ ಬೇರೆ, ಸಭೆಯ ಹಣದಿಂದ ಒಂದು ರೂಪಾಯಿಯೂ ಬರಬಾರದು, ಪ್ರತಿ ಮೂರು ತಿಂಗಳಿಗೆ ಖಜಾಂಚಿಗೆ ತೋರಿಸಬೇಕು. ಎರಡು, ಆರಾಧನೆ ನಡೆಯುವಾಗ ಅಂಗಡಿ ಮುಚ್ಚಿರಬೇಕು. ಮೂರು, ಕಥೆ ಪುಸ್ತಕ ಯಾವುದೇ ಇಡುವ ಮುಂಚೆ ಕಮಿಟಿಯವರೊಬ್ಬರು ಓದಿ ನೋಡಬೇಕು.

ಮೂರನೇದು ನನಗೆ ಸಿಟ್ಟು ತರಿಸಿತು. ಓದಿ ನೋಡುವ ಕೆಲಸ ಮಾಮಾಗೇ ಬಂತು. ಮೊದಲು ಕರ್ವಾಲೊ ಒಯ್ದರು. ಮೂರು ವಾರ ಸುದ್ದಿ ಇಲ್ಲ. ಆಮೇಲೆ ತಂದುಕೊಟ್ಟು, "ಹೆಸರು ನೋಡಿ ನಮ್ಮವರ ಬಗ್ಗೆ ಬರ್ದಾರ ಅನ್ಕೊಂಡೆ, ಒಳಗ ಎಲ್ಲಾರೂ ಕೂಡಿ ಹಾರೋ ಓತಿಕ್ಯಾತ ಹುಡುಕಾಕ ಹತ್ತ್ಯಾರ" ಅಂದರು. ಬೇಡ ಅಂತಾರೆ ಅಂದುಕೊಂಡೆ. "ಇವರದು ಇನ್ನೊಂದು ಐತೇನು?" ಅಂತ ಕೇಳಿದರು. ಹಾಗಂತ ಎಲ್ಲಕ್ಕೂ ಒಪ್ಪಲಿಲ್ಲ. ಒಂದು ಕಾದಂಬರಿಯನ್ನ ಖಂಡಿತ ಬೇಡ ಅಂದರು. ಅದು ನನಗೆ ತುಂಬ ಇಷ್ಟದ ಪುಸ್ತಕ. ವಾದ ಮಾಡಿದೆ, ಸೋತೆ. ಅದು ಈಗ ನನ್ನ ಮನೆಯಲ್ಲಿದೆ. ಅವರು ಮಾಡಿದ್ದು ಸರಿ ಅಂತ ನಾನು ಇವತ್ತಿಗೂ ಒಪ್ಪಿಲ್ಲ. ಆದರೆ ಇನ್ನೊಬ್ಬರ ಮನೆಯಲ್ಲಿ ಅಂಗಡಿ ಇಟ್ಟ ಮೇಲೆ ಮನೆಯವರ ಮಾತೂ ನಡೆಯುತ್ತೆ. ಇದನ್ನ ಮೊದಲೇ ತಿಳಿದುಕೊಂಡು ಇಳಿಯಬೇಕು.

ಇಲ್ಲದಿದ್ದ ಪುಸ್ತಕ

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಮೇ ತಿಂಗಳ ಒಂದು ಭಾನುವಾರ ಯಾದಗಿರಿ ಕಡೆಯ ಒಬ್ಬ ಅಕ್ಕ ಅಂಗಡಿ ಹತ್ತಿರ ಬಂದರು. ಕಟ್ಟಡದ ಕೆಲಸಕ್ಕೆ ಹೋಗುವವರು. ನಾಲ್ಕು ತಿಂಗಳಿಂದ ಪ್ರತಿವಾರ ನಮ್ಮ ಅಲ್ಮೇರಾ ದಾಟಿಕೊಂಡು ಹೋಗಿದ್ದರು, ಒಂದು ಸಲವೂ ನಿಂತಿರಲಿಲ್ಲ. ಅವರ ಮಗಳು ಇಲ್ಲಿನ ಮರಾಠಿ ಶಾಲೆಯಲ್ಲಿ ಐದನೇ ಕ್ಲಾಸು. ಅಕ್ಕ ಕೇಳಿದರು, "ಅಂಕಲಿಪಿ ಐತೇನ್ರಿ?"

ಅಂಕಲಿಪಿ. ನಮ್ಮ ಕಡೆ ಎಲ್ಲರೂ ಅದರಲ್ಲೇ ಅಕ್ಷರ ಕಲಿತದ್ದು. ಅ ಅಂದ್ರೆ ಅರಸ, ಆ ಅಂದ್ರೆ ಆನೆ, ಕೊನೆಗೆ ಕಾಗುಣಿತ, ಮಗ್ಗಿ. ತೆಳು ಪುಸ್ತಕ, ಇಪ್ಪತ್ತೈದು ರೂಪಾಯಿ. ನಮ್ಮ 212 ಪುಸ್ತಕದಲ್ಲಿ ಅದು ಒಂದೂ ಇರಲಿಲ್ಲ.

"ಮಗಳಿಗೇನಕ್ಕಾ?" ಅಂತ ಕೇಳಿದೆ. "ಆಕಿಗೂ ಆತು, ನನಗೂ ಆತು" ಅಂದರು.

ನನಗೆ ಆವತ್ತು ನಿಜಕ್ಕೂ ನಾಚಿಕೆ ಆಯಿತು. ಮಣ್ಣಿನ ದಿನ ಆ ಹುಡುಗ ಪುಸ್ತಕ ಇಲ್ಲದೆ ನಿಂತಿರಲಿಲ್ಲ. ಪುಸ್ತಕ ಕೈಯಲ್ಲೇ ಇತ್ತು. ಅವನಿಗೆ ಅಕ್ಷರ ಇರಲಿಲ್ಲ. ನಾನು ಅದನ್ನ ಕಣ್ಣಾರೆ ನೋಡಿ, ಅದಕ್ಕೆ ಪರಿಹಾರ ಅಂತ ಕಾದಂಬರಿ ತರಿಸಿ ಇಟ್ಟಿದ್ದೆ. ನಮ್ಮ ಕೆಲಸದಲ್ಲಿ ದಿನಾ ಹೇಳ್ತೀವಲ್ಲ, ಬಳಸುವವರನ್ನ ಮೊದಲು ಕೇಳಿ ಅಂತ. ಅದನ್ನ ನಾನು ಮಾಡಿರಲಿಲ್ಲ.

ಐವತ್ತು ಅಂಕಲಿಪಿ ತರಿಸಿದೆವು. ಮೂರು ಭಾನುವಾರದಲ್ಲಿ ಖಾಲಿ. ಕೆಲವರು ಎರಡೆರಡು ಕೊಂಡು ಸೈಟಿನ ಶೆಡ್ಡುಗಳಿಗೆ ಒಯ್ದರು.

ಅದೇ ಹೊತ್ತಿಗೆ ನಾನು ಕೇಡಗಾಂವಿಗೆ ಹೋಗಿ ಬಂದೆ. ಪುಣೆಯಿಂದ ದೌಂಡ್ ಕಡೆ ಹೋಗುವ ರೈಲ್ವೆ ದಾರಿಯಲ್ಲಿ ಸಿಗುವ ಊರು. ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇರೋದು ಅಲ್ಲಿ. ಮಹಾರಾಷ್ಟ್ರದಲ್ಲಿ ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಅನ್ನೋದು ನಮ್ಮಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ಅಂತ ಹೆಣ್ಣುಮಕ್ಕಳ ಶಾಲೆ ತೆರೆದು, ಮರುವರ್ಷ ಪುಣೆಗೆ ತಂದರು. ಆಮೇಲೆ ಕೇಡಗಾಂವ್. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನ ಮರಾಠಿಗೆ ಅನುವಾದಿಸಿದರು, 1922ರಲ್ಲಿ ತೀರಿಕೊಳ್ಳುವವರೆಗೂ ಅದರ ಕೆಲಸ ಮಾಡ್ತಾನೇ ಇದ್ದರು. ಅದನ್ನ ಅಚ್ಚು ಹಾಕಿದ್ದು ಅಲ್ಲಿನ ಪ್ರೆಸ್ಸಿನಲ್ಲೇ. ಮೊಳೆ ಜೋಡಿಸಿದವರು ಅಲ್ಲಿದ್ದ ಹೆಂಗಸರು. ಬರಗಾಲದಲ್ಲಿ ಮನೆಮಠ ಕಳೆದುಕೊಂಡು ಬಂದವರು, ಗಂಡ ಸತ್ತವರು. ಅಂಥವರು ಮೊಳೆ ಜೋಡಿಸಬೇಕು ಅಂದ್ರೆ ಮೊದಲು ಯಾರೋ ಕೂತು ಅವರಿಗೆ ಅಕ್ಷರ ಕಲಿಸಿರಬೇಕಲ್ಲ? ರಮಾಬಾಯಿ ಮೊದಲು ಶಾಲೆ ಮಾಡಿದರು, ಪ್ರೆಸ್ಸು ಆಮೇಲೆ. ನಾನು ಉಲ್ಟಾ ಮಾಡಿದ್ದೆ.

ಮುಕ್ಕಾಲು ಗಂಟೆಯ ಕ್ಲಾಸು

ಜೂನ್‌ನಿಂದ ಆರಾಧನೆಗೆ ಮುಂಚೆ ಮುಕ್ಕಾಲು ಗಂಟೆ ಅಕ್ಷರದ ಕ್ಲಾಸು ಶುರು ಮಾಡಿದೆವು. ಹೇಳಿಕೊಡೋದು ಒಬ್ಬ ರಿಟೈರ್ಡ್ ಟೀಚರ್ ಅಕ್ಕ ಮತ್ತು ನಾನು. ಅಲ್ಲಿ ಕಲಿತ ಒಂದು ಉಪಯೋಗದ ವಿಷಯ ಹೇಳ್ತೀನಿ, ನಿಮ್ಮ ಮನೆಯಲ್ಲೂ ಮಾಡಬಹುದು.

ಮಹಾರಾಷ್ಟ್ರದಲ್ಲಿ ಓದುವ ಮಗುವಿಗೆ ಮರಾಠಿ ಅಕ್ಷರ ಬರುತ್ತೆ. ಆ ಮಗುವಿಗೆ ಕನ್ನಡ ಅಕ್ಷರ ಮೊದಲಿಂದ ಕಲಿಸಬೇಕಿಲ್ಲ. ಕ ಖ ಗ ಘ ಸಾಲು ಅದೇ. ತಲೆಕಟ್ಟು, ಕೊಂಬು, ಇಳಿ, ಎಲ್ಲಾ ಲೆಕ್ಕ ಅದೇ. ಳ ಕೂಡ ಮರಾಠಿಯಲ್ಲಿದೆ. ಎದುರುಬದುರು ಎರಡು ಸಾಲು ಬರೆದ ಒಂದು ಚಾರ್ಟ್ ಗೋಡೆಗೆ ಅಂಟಿಸಿದರೆ ಐದಾರು ವಾರದಲ್ಲಿ ಬಿಡಿ ಅಕ್ಷರ ಓದ್ತಾರೆ. ಕಷ್ಟ ಆಗೋದು ಮೂರೇ ಕಡೆ. ಒಂದು, ಎ-ಏ, ಒ-ಓ ವ್ಯತ್ಯಾಸ, ಮರಾಠಿಯಲ್ಲಿ ಅವಕ್ಕೆ ಬೇರೆ ಬೇರೆ ಅಕ್ಷರ ಇಲ್ಲ. ಎರಡು, ಒತ್ತಕ್ಷರ, ನಮ್ಮಲ್ಲಿ ಕೆಳಗೆ ಬರುತ್ತೆ, ಅವರಲ್ಲಿ ಹೆಚ್ಚಾಗಿ ಪಕ್ಕಕ್ಕೆ. ಮೂರು, ಅರ್ಕಾವತ್ತು. ಅರ್ಥ ಅಂತ ಬರೆದಾಗ ಅವರಲ್ಲಿ ಅದು ಅಕ್ಷರದ ತಲೆ ಮೇಲೆ ಕೂರುತ್ತೆ, ನಮ್ಮಲ್ಲಿ ಅಕ್ಷರದ ನಂತರ. ಮಕ್ಕಳು ಇದನ್ನ ಆಟದ ಹಾಗೆ ಕಲೀತಾರೆ.

ಆ ಯಾದಗಿರಿಯ ಅಕ್ಕನ ಮಗಳು ಎರಡು ತಿಂಗಳಲ್ಲಿ ಓದೋಕೆ ಶುರು ಮಾಡಿದಳು. ಅಕ್ಕನಿಗೆ ಅಷ್ಟು ಬೇಗ ಬರಲಿಲ್ಲ. ಅವರು ಶಾಲೆ ಮುಖ ನೋಡಿದವರಲ್ಲ, ಭಾನುವಾರ ಒಂದು ದಿನ ಕೂತರೆ ಎಷ್ಟು ಆದೀತು? ಒಂದು ವರ್ಷದ ಮೇಲೆ ತಮ್ಮ ಹೆಸರು, ಊರ ಹೆಸರು ಬರೆದರು. ಆಮೇಲೆ ಸೈಟು ಮುಗಿದು ಆ ಕುಟುಂಬ ಬೇರೆ ಊರಿಗೆ ಹೋಯಿತು. ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಇದೂ ಲೆಕ್ಕದಲ್ಲಿರಲಿ, ಎಲ್ಲಾ ಕಥೆ ಪೂರ್ತಿ ಆಗೋದಿಲ್ಲ.

ಅಂಗಡಿ ಇಡಬೇಕು ಅನ್ನುವವರಿಗೆ

ಈಗ ಕೆಲವು ವ್ಯವಹಾರದ ಮಾತು. ಎರಡು ವರ್ಷದಲ್ಲಿ ಸುಮಾರು 640 ಪುಸ್ತಕ ಮಾರಿದ್ದೀವಿ. ಅದರಲ್ಲಿ 280 ಅಂಕಲಿಪಿ ಮತ್ತು ಮಕ್ಕಳ ಸಣ್ಣ ಪುಸ್ತಕ. ನಮಗೆ ಸಿಗುವ ರಿಯಾಯಿತಿ ಹೆಚ್ಚೂಕಮ್ಮಿ ನೂರಕ್ಕೆ ಇಪ್ಪತ್ತೈದು, ಅದರಲ್ಲಿ ಅರ್ಧ ಪಾರ್ಸೆಲ್ ಖರ್ಚಿಗೆ ಹೋಗುತ್ತೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದೊಂದು ನೆಮ್ಮದಿ. ಆದರೂ ವರ್ಷಕ್ಕೆ ಐದಾರು ಸಾವಿರ ನಮ್ಮ ಕೈಯಿಂದಲೇ ಬೀಳುತ್ತೆ. ಐದು ಜನ ಹಂಚಿಕೊಂಡರೆ ಒಂದು ಸಲ ಹೋಟೆಲಿಗೆ ಹೋದ ಖರ್ಚು.

ಆ್ಯಪ್ ತೆಗೆದು ಹಾಕಿದೆ. ಈಗ ಒಂದು ಉದ್ದನೆ ನೋಟ್‌ಬುಕ್, ಅದರ ಹಿಂದಿನ ಪುಟಗಳಲ್ಲಿ ಉದ್ರಿ ಲೆಕ್ಕ. ಪಗಾರ ಆದ ಮೇಲೆ ಕೊಡ್ತೀನಿ ಅಂದವರು ಇಲ್ಲಿವರೆಗೆ ಎಲ್ಲರೂ ಕೊಟ್ಟಿದ್ದಾರೆ, ಬಾಕಿ ಇರೋದು ಇಬ್ಬರದು, ಇಬ್ಬರೂ ಐಟಿಯವರು. ಓದಿದ ಪುಸ್ತಕ ವಾಪಸ್ ತಂದರೆ ಅರ್ಧ ಬೆಲೆ ಕೊಡ್ತೀವಿ, ಅದನ್ನ ಇನ್ನೊಬ್ಬರಿಗೆ ಕೊಡ್ತೀವಿ.

ಪುಣೆ ಮಳೆಗಾಲವನ್ನ ಹಗುರವಾಗಿ ತಗೋಬೇಡಿ. ಮೊದಲ ವರ್ಷ ಹದಿನೇಳು ಪುಸ್ತಕಕ್ಕೆ ಬೂಷ್ಟು ಹಿಡಿಯಿತು, ಮಾಮಾ ಹೇಳಿದ್ದು ಖರೆ ಆಯಿತು. ಈಗ ಅಲ್ಮೇರಾವನ್ನ ಗೋಡೆಯಿಂದ ಒಂದು ಗೇಣು ಮುಂದೆ, ಇಟ್ಟಂಗಿ ಮೇಲೆ ಇಟ್ಟಿದ್ದೀವಿ. ನುಸಿ ಗುಳಿಗೆ, ಒಣ ಬೇವಿನ ಎಲೆ ಹಾಕ್ತೀವಿ, ಬಿಸಿಲು ಬಿದ್ದ ಭಾನುವಾರ ಪುಸ್ತಕ ತೆಗೆದು ಹರವುತ್ತೀವಿ. ಆ ನೆಪದಲ್ಲಿ ಅಂಗಳದಲ್ಲಿ ಮೇಜು ಹಾಕಿದಾಗ ಮಾರಾಟ ಹೆಚ್ಚಾಯಿತು. ಚರ್ಚಿನ ಒಳಗೆ ಬರೋಕೆ ಸಂಕೋಚ ಇದ್ದ ಬೇರೆ ಕನ್ನಡದವರೂ ಗೇಟಿನ ಹತ್ತಿರ ನಿಂತು ಪುಸ್ತಕ ನೋಡಿದರು. ಈಗ ತಿಂಗಳ ಕೊನೆಯ ಭಾನುವಾರ ಮೇಜು ಹೊರಗೇ.

ಚರ್ಚಿನಲ್ಲೇ ಯಾಕೆ ಅಂತ ಸ್ನೇಹಿತರು ಕೇಳ್ತಾರೆ. ಪುಣೆಯಲ್ಲಿ ಕನ್ನಡ ಸಂಘ ಇದೆ, ಶಾಲೆಗಳನ್ನೂ ನಡೆಸುತ್ತೆ, ಒಳ್ಳೆಯ ಕೆಲಸ. ಆದರೆ ಆ ಯಾದಗಿರಿಯ ಅಕ್ಕ ಅಲ್ಲಿಗೆ ಹೋಗುವವರಲ್ಲ. ವಾರಕ್ಕೊಂದು ದಿನ ರಜೆ, ಆ ದಿನ ಅವರು ಬರೋದು ಇಲ್ಲಿಗೆ. ಜನ ಎಲ್ಲಿಗೆ ತಾವಾಗಿ ಬರ್ತಾರೋ ಅಲ್ಲಿ ಪುಸ್ತಕ ಇರಬೇಕು. ನಿಮಗೆ ಅದು ರಾಯರ ಮಠ ಇರಬಹುದು, ಬಸವ ಸಮಿತಿ ಇರಬಹುದು, ದರ್ಗಾ ಇರಬಹುದು, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಇರಬಹುದು. ಇಡುವ ಮುಂಚೆ ಅಲ್ಲಿ ಒಂದು ತಿಂಗಳು ಸುಮ್ಮನೆ ನಿಂತು, ಯಾರಿಗೆ ಏನು ಬೇಕು ಅಂತ ಕೇಳಿ. ನಾನು ಕೇಳದೆ ನಾಲ್ಕು ತಿಂಗಳು ಕಳೆದೆ.

ಕೊನೆಯದಾಗಿ ಆ ಹುಡುಗನ ವಿಷಯ. ಅವನು ಕ್ಲಾಸಿಗೆ ಮೊದಲ ಆರು ತಿಂಗಳು ಬರಲೇ ಇಲ್ಲ, ಸಣ್ಣ ಮಕ್ಕಳ ಜೊತೆ ಕೂರೋಕೆ ನಾಚಿಕೆ. ಆಮೇಲೆ ಬೆಂಚಿನ ತುದಿಯಲ್ಲಿ ಫೋನ್ ನೋಡ್ತಾ ಕೂರೋಕೆ ಶುರು ಮಾಡಿದ, ಕಿವಿ ಮಾತ್ರ ಈ ಕಡೆ. 2024ರ ಆಗಸ್ಟ್‌ನಲ್ಲಿ ಅಜ್ಜನ ಎರಡನೇ ವರ್ಷದ ಪ್ರಾರ್ಥನೆ ಅವರ ಮನೆಯಲ್ಲಿ ನಡೆಯಿತು. ಅಜ್ಜಿ ಕಪಾಟಿನಿಂದ ಸತ್ಯವೇದ ತೆಗೆದರು. ಅವನು ಅದೇ 23ನೇ ಕೀರ್ತನೆ ಓದಿದ. ಆರೇ ವಚನ. ನಾಲ್ಕು ನಿಮಿಷ ಹಿಡಿಯಿತು. ಒತ್ತಕ್ಷರ ಬಂದಾಗಲೆಲ್ಲ ನಿಂತ, ಬೆರಳಿಟ್ಟು ಬಿಡಿಸಿಕೊಂಡ, ಮುಂದೆ ಹೋದ. ಯಾರೂ ಹೇಳಿಕೊಡಲಿಲ್ಲ, ಎಲ್ಲರೂ ಕಾದರು. ಮಾಮಾ ನನ್ನ ಪಕ್ಕದಲ್ಲೇ ಕೂತಿದ್ದರು. ಹೊರಗೆ ಬಂದ ಮೇಲೆ, "ಅಂಕಲಿಪಿ ಇನ್ನೊಂದು ನೂರು ತರಸು" ಅಂದರು. "ರೊಕ್ಕ ಕಮ್ಮಿ ಬಿದ್ರ ನಂಗ ಹೇಳು, ಕಾಣಿಕಿ ಪೆಟ್ಟಿಗಿ ಮಾತ್ರ ಮುಟ್ಟಬ್ಯಾಡ."

ಮೊನ್ನೆ ಊರಿಂದ ಬರುವಾಗ ನೂರು ಅಂಕಲಿಪಿ ತಂದಿದ್ದೀನಿ. ಪುಣೆ ಸುತ್ತಮುತ್ತ ಇರುವವರು ಯಾರಾದರೂ ತಿಂಗಳಿಗೊಂದು ಭಾನುವಾರ ಒಂದು ಗಂಟೆ ಕೂತು ಅಕ್ಷರ ಹೇಳಿಕೊಡ್ತೀನಿ ಅಂದ್ರೆ ತುಂಬ ಸಹಾಯ ಆಗುತ್ತೆ. ಧರ್ಮ ಯಾವುದಾದರೂ ಸರಿ, ಕೈಬರಹ ಚೆನ್ನಾಗಿದ್ದರೆ ಸಾಕು. ನನ್ನದು ಚೆನ್ನಾಗಿಲ್ಲ, ಮಕ್ಕಳು ನಗ್ತಾರೆ.